ಶೋಭಾಳ ಡ್ರೈವರ್ ಓಡಿದ ದಿನ

ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ಯಾಮೆರಾಗಳ ಚಿತ್ರ ಸಾಗಿಸುವ ನೆಟ್‌ವರ್ಕ್ ಕಾರ್ಡಿಗೆ ನಾನೊಂದು ಡ್ರೈವರ್, ಅಂದರೆ ಕಂಪ್ಯೂಟರಿನೊಳಗಿಂದ ಆ ಕಾರ್ಡನ್ನು ನಡೆಸುವ ತಂತ್ರಾಂಶ, ಬರೆದಿದ್ದೆ. ನನ್ನ ಸಹೋದ್ಯೋಗಿ, ಕೊಡ್ಲಿ ಊರಿನ ಶೋಭಾ, ಇನ್ನೊಂದು ಬರೆದಿದ್ದಳು. ಎರಡರಲ್ಲಿ ಒಂದನ್ನು ಮಾತ್ರ ಉಳಿಸುತ್ತೇವೆ ಎಂದಿದ್ದರು ಮ್ಯಾನೇಜರ್. ಪರೀಕ್ಷೆಯಲ್ಲಿ ನನ್ನದು ತೆವಳಿತು, ಅವಳದು ಓಡಿತು. ನನಗೆ ಹೊಟ್ಟೆ ಉರಿಯಿತು.

ಕಾರ್ಡು ತನಗೆ ಕೊಟ್ಟ ಜಾಗ ಬಿಟ್ಟು ಕಂಪ್ಯೂಟರಿನ ಬೇರೆ ಮೆಮೊರಿಗೆ ಕೈ ಹಾಕದಂತೆ, ಅದು ಬಳಸುವ ಪ್ರತಿ ಮೆಮೊರಿ ವಿಳಾಸವನ್ನೂ ಅನುವಾದಿಸಿ ಕೊಡುವ ಕಾವಲೊಂದು ಇರುತ್ತದೆ. ಅದಕ್ಕೆ ಸಮಯ ಹಿಡಿಯುತ್ತದೆ. ಇವಳು ಕಾವಲನ್ನೇ ತೆಗೆದು ವೇಗ ಗಳಿಸಿರಬೇಕೆಂದುಕೊಂಡು ಎಲ್ಲರೆದುರೇ ಕೇಳಿದೆ.

"ಅನುವಾದ ಬಂದ್ ಮಾಡೀರೇನ್ರಿ?"

"ಇಲ್ರಿ, ಚಾಲೂನೇ ಅದ. ನೀವು ಚಿತ್ರದ ಪ್ರತಿ ತುಣುಕಿಗೂ, ಪ್ರತಿ ಪ್ಯಾಕೆಟ್‌ಗೂ, ಹೊಸದಾಗಿ ಅನುವಾದ ಮಾಡಿ ಅಳಸಾಕತ್ತೀರಿ. ನಾ ಒಮ್ಮೆ ಅನುವಾದ ಮಾಡಿದ ಜಾಗಾನೇ ಮತ್ತ ಮತ್ತ ಬಳಸ್ತೀನಿ. ಬರ್ರಿ, ಕುಂದ್ರಿ, ತೋರಸ್ತೀನಿ."

ಪಕ್ಕದಲ್ಲಿ ಕೂರಿಸಿಕೊಂಡು ನನ್ನದನ್ನು ತಿದ್ದಿಸಿದಳು. ಮರುಪರೀಕ್ಷೆಯಲ್ಲಿ ಎರಡೂ ಸಮಸಮ ಓಡಿದವು. ಆದರೆ ಕೇಬಲ್ ಕಿತ್ತು ಮತ್ತೆ ಹಾಕಿದಾಗ ನನ್ನದು ತಾನೇ ಚೇತರಿಸಿಕೊಂಡಿತು, ಅವಳದು ನಿಂತುಬಿಟ್ಟಿತು. ಮ್ಯಾನೇಜರ್ ನನ್ನದನ್ನು ಉಳಿಸಿಕೊಂಡರು.

"ಭಾಳ ಚಲೋ ಆತ್ರಿ," ಎಂದಳು ಶೋಭಾ. ಅವಳ ಮುಖದಲ್ಲಿ ಎಳ್ಳಷ್ಟೂ ಕಹಿ ಇರಲಿಲ್ಲ, ನಾನು ಚೆನ್ನಾಗಿ ಹುಡುಕಿದೆ. ಗೆದ್ದವನು ನಾನೇ ಆದರೂ, ಹಾಗೆ ಕಹಿಯಿಲ್ಲದೆ ಸೋಲಲು ಗೊತ್ತಿರುವವರನ್ನು ಕಂಡರೆ ನನಗೆ ಇಂದಿಗೂ ಹೊಟ್ಟೆಕಿಚ್ಚು.