ಕೇಸರಿಯ ಡಬ್ಬ ತೊಳೆದ ತಪ್ಪು

ಹಾವಿಗೆ ಹೆರಿಗೆ ಕಷ್ಟವಾದರೆ ಯಾರಿಗೆ ಫೋನ್ ಮಾಡಬೇಕು? ಹೋದ ಶನಿವಾರ ಬೆಳಗ್ಗೆ ಸೆರಿಟೋಸ್‌ನ ನಮ್ಮ ಅಡುಗೆಮನೆಯಲ್ಲಿ ನಿಂತು ನಾನು ಕೇಳಿಕೊಂಡ ಪ್ರಶ್ನೆ ಇದು. (ನಗಬೇಡಿ. ನನಗೆ ಆಗ ಅಳು ಬರುತ್ತಿತ್ತು.)

ಹಾವು ನನ್ನದಲ್ಲ. ಎರಡು ಬೀದಿ ಆಚೆಯ ಗೆಳತಿ ರಶ್ಮಿಯ ಮಗಳು ಅನಿಕಾಳದು. ಲಾಕ್‌ಡೌನ್‌ನಲ್ಲಿ ಮನೆಯೊಳಗೇ ಕೂತು ಮಂಕಾಗಿದ್ದ ಮಗುವಿಗೆ ತಂದುಕೊಟ್ಟ ಕಾರ್ನ್ ಸ್ನೇಕ್. ಸಾಕಣೆಯಲ್ಲೇ ಹುಟ್ಟಿದ್ದು, ವಿಷವಿಲ್ಲ, ಥೇಟ್ ಕೇಸರಿಬಾತಿನ ಬಣ್ಣ. ಹಾಗಾಗಿ ಹೆಸರು ಕೇಸರಿ. ಮನೆಮಂದಿಯೆಲ್ಲ ಎರಡು ವಾರಕ್ಕೆ ಬೆಂಗಳೂರಿಗೆ ಹೊರಟಾಗ ಕೇಸರಿ ಗಾಜಿನ ಪೆಟ್ಟಿಗೆ ಸಮೇತ ನಮ್ಮಲ್ಲಿಗೆ ಬಂದಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

“ಆಂಟಿ, ಜಸ್ಟ್ ವಾಟರ್. ಸಂಡೇ ಒನ್ ಮೌಸ್. ನಥಿಂಗ್ ಎಲ್ಸ್, ಪ್ಲೀಸ್!” ಎಂದಿದ್ದಳು ಹದಿಮೂರರ ಅನಿಕಾ.

ಭಾನುವಾರ ಬಂತು. ಅವರೇ ಫ್ರೀಜರ್‌ಗೆ ಕೊಟ್ಟುಹೋಗಿದ್ದ ಇಲಿಯನ್ನು ಕೇಸರಿ ಮೂಸಲೂ ಇಲ್ಲ. ಮನೆಗೆ ಬಂದವಳು ಊಟ ಬಿಟ್ಟರೆ ನಮ್ಮಂಥವರಿಗೆ ಸುಮ್ಮನಿರಲು ಆಗುತ್ತದೆಯೇ? ಜಾಗ ಕೊಳಕಾಗಿರಬೇಕು ಅನ್ನಿಸಿತು. ನೋಡಿದರೆ ಮೂಲೆಯಲ್ಲೊಂದು ಹಳೇ ಮೊಸರಿನ ಡಬ್ಬ. ಮುಚ್ಚಳದಲ್ಲಿ ತೂತು, ಒಳಗೆ ಒದ್ದೆ ಪಾಚಿ, ಮಣ್ಣಿನ ವಾಸನೆ.

ಇನ್ನೊಬ್ಬರ ಡಬ್ಬವನ್ನು ತೊಳೆಯದೆ ವಾಪಸ್ ಕೊಟ್ಟವಳಲ್ಲ ನಾನು. ಪಾಚಿಯನ್ನು ಕಸಕ್ಕೆ ಹಾಕಿದೆ. ಡಬ್ಬವನ್ನು ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದೆ. ಒಣಗಿದ ಮೇಲೆ ರಶ್ಮಿಯ ಉಳಿದ ಡಬ್ಬಗಳ ಜೊತೆ ಎತ್ತಿಟ್ಟೆ. ಪೆಟ್ಟಿಗೆಗೆ ಹೊಸ ಪೇಪರ್ ಹಾಸಿ, ಬಹಳ ಖುಷಿಯೂ ಪಟ್ಟೆ.

ಮರುದಿನದಿಂದ ಕೇಸರಿ ನಿಂತಲ್ಲಿ ನಿಲ್ಲಲಿಲ್ಲ. ಮೂಲೆ ಮೂಲೆಗೂ ಮೂತಿ ತುರುಕಿ ಏನೋ ಹುಡುಕಾಟ. ಶುಕ್ರವಾರ ನೀರಿನ ಬಟ್ಟಲ ಪಕ್ಕ ಎರಡು ಮೊಟ್ಟೆ! ಶನಿವಾರ ನೋಡಿದರೆ ಹೊಟ್ಟೆಯೆಲ್ಲ ಗಂಟು ಗಂಟು, ಅಲ್ಲಾಡದೆ ಬಿದ್ದಿದ್ದಾಳೆ.

ನನಗೆ ತಲೆಬುಡ ಅರ್ಥವಾಗಲಿಲ್ಲ. ಒಂಟಿ ಹಾವು. ಗಂಡು ಎಲ್ಲಿಂದ ಬಂತು? ನನ್ನ ಗಂಡ ನನ್ನನ್ನೇ ನೋಡಿದರು, ನಾನೇ ಯಾರಿಗೋ ಬಾಗಿಲು ತೆಗೆದುಕೊಟ್ಟಿದ್ದೆ ಎಂಬಂತೆ.

ಹತ್ತಿರದ ಕ್ಲಿನಿಕ್‌ಗಳಿಗೆಲ್ಲ ಫೋನ್ ಮಾಡಿದೆ. ನಾಯಿ, ಬೆಕ್ಕು ಮಾತ್ರವಂತೆ. ಕೊನೆಗೆ ಹಾವು ನೋಡುವ ಡಾಕ್ಟರೊಬ್ಬರು ಸಿಕ್ಕಿದ್ದು ಎರಡು ಗಂಟೆ ದೂರದ ಸ್ಯಾನ್ ಡಿಯಾಗೋದಲ್ಲಿ. ದಿಂಬಿನ ಕವರಿನೊಳಗೆ ಕೇಸರಿ, ನನ್ನ ತೊಡೆಯ ಮೇಲೆ. ಫ್ರೀವೇ ತುಂಬ ಟ್ರಾಫಿಕ್. ಏಸಿ ಹಾಕಿದರೆ ಅವಳಿಗೆ ಚಳಿ, ಹಾಕದಿದ್ದರೆ ನಮಗೆ ಸೆಕೆ. “ತಡ್ಕೊಳಮ್ಮ, ಬಂದೇ ಬಿಡ್ತು” ಅನ್ನುತ್ತಲೇ ಇದ್ದೆ. ಹಾವಿಗೆ! ನನಗೆ ಭಯವಿದ್ದದ್ದು ಹಾವಿನದಲ್ಲ. ಇವಳು ಸತ್ತರೆ ಅನಿಕಾಗೆ ಏನು ಹೇಳಲಿ?

ಡಾಕ್ಟರ್ ಎಕ್ಸ್‌ರೇ ತೆಗೆದರು. ಒಳಗೆ ಇನ್ನೂ ನಾಲ್ಕು ಮೊಟ್ಟೆ. ಗಂಡಿಲ್ಲದೆಯೂ ಹೆಣ್ಣು ಹಾವು ಮೊಟ್ಟೆ ಇಡುತ್ತದಂತೆ, ಮರಿಯಾಗುವುದಿಲ್ಲ ಅಷ್ಟೆ. ಆದರೆ ಇಡಲು ಕತ್ತಲಿನ, ತೇವದ ಜಾಗ ಸಿಗದಿದ್ದರೆ ತಡೆದಿಟ್ಟುಕೊಳ್ಳುತ್ತದಂತೆ. ತಡವಾದರೆ ಒಳಗೇ ಸಿಕ್ಕಿಕೊಂಡು ಜೀವಕ್ಕೇ ಕುತ್ತು. ಅಂಥ ಜಾಗ ಪೆಟ್ಟಿಗೆಯಲ್ಲಿ ಇರಲಿಲ್ಲವೇ ಎಂದು ಕೇಳಿದರು.

ಇತ್ತು ಎಂದೆ. ಈಗೆಲ್ಲಿ ಎಂದರು. ತೊಳೆದಿಟ್ಟಿದ್ದೇನೆ ಎಂದೆ.

ಅವರೇ ಬೆಚ್ಚಗಿನ ಒದ್ದೆ ಪಾಚಿಯಲ್ಲಿ ಕೇಸರಿಯನ್ನು ಬಿಟ್ಟರು. ಸಂಜೆಯೊಳಗೆ ಮೂರು ಮೊಟ್ಟೆ ತಾನಾಗಿ ಬಂದವು. ಕೊನೆಯದರ ನೀರನ್ನು ಸೂಜಿಯಲ್ಲಿ ಎಳೆದು, ಕುಗ್ಗಿಸಿ, ಮೆಲ್ಲಗೆ ಹೊರಗೆ ತಂದರು. ಕೇಸರಿ ಉಳಿದಳು.

ವಿಡಿಯೋ ಕಾಲ್‌ನಲ್ಲಿ ಅನಿಕಾಗೆ ಎಲ್ಲ ಹೇಳಿದೆ. ಹುಡುಗಿಯ ಕಣ್ಣು ತುಂಬಿತು. “ಆಂಟಿ... ಐ ಸೆಡ್ ಜಸ್ಟ್ ವಾಟರ್.”

ಹಿಂದಿನಿಂದ ರಶ್ಮಿ, “ಹೋಗ್ಲಿ ಬಿಡೇ, ಕ್ಲೀನ್ ಮಾಡಿದ್ದು ತಪ್ಪಾ? ನಾನೂ ಇವಳಿಗೆ ಎಷ್ಟ್ ಸಲ ಬೈದಿದೀನಿ ಆ ಡಬ್ಬ ಎಸಿ ಅಂತ” ಎಂದಳು. ಅದನ್ನು ಕೇಳಿ ಸಮಾಧಾನವಾಗುವ ಬದಲು ನನಗೆ ಇನ್ನಷ್ಟು ಗೊಂದಲವಾಯಿತು. ಮಗನ ಮೇಜು, ಗಂಡನ ಡ್ರಾಯರ್... ನಾನು ನೀಟ್ ಮಾಡಿದ ಮೇಲೆ ಯಾರು ಏನನ್ನು ಹುಡುಕಿ ಸುಮ್ಮನಾದರೋ!

ಬುಧವಾರ ಅನಿಕಾ ಬಂದು ಕೇಸರಿಯನ್ನು ಕರೆದುಕೊಂಡು ಹೋದಳು. ಮರೆತಳೋ, ನನ್ನನ್ನು ಪರೀಕ್ಷಿಸಲೆಂದೇ ಬಿಟ್ಟಳೋ ಗೊತ್ತಿಲ್ಲ, ಡಾಕ್ಟರ ಹತ್ತಿರದಿಂದ ಬಂದ ಮೇಲೆ ನಾನೇ ಹೊಸ ಪಾಚಿ ತುಂಬಿದ್ದ ಆ ಡಬ್ಬ ಈಗ ನನ್ನ ಸಿಂಕ್ ಪಕ್ಕದಲ್ಲಿದೆ.

ನೀವೇ ಹೇಳಿ, ತೊಳೆದು ಕೊಡಲೋ, ಹಾಗೇ ಕೊಡಲೋ?