ಗುರಿಗೆ ಬಿತ್ತು ಎಂದು ನಾನು ಹೇಳಿದೆ

ಆ ದಿನವನ್ನು ನೆನೆದರೆ ನನಗೆ ವಿಮಾನದ ಸದ್ದು ಕೇಳುವುದಿಲ್ಲ, ಒಂದು ಶಿಳ್ಳೆ ಕೇಳುತ್ತದೆ. ಕೀಂ ಎಂದು ಸಣ್ಣಗೆ ಎಳೆದು ಹಲ್ಲು ಜುಮ್ಮೆನ್ನಿಸುವ ಶಿಳ್ಳೆ. ಅದು ನನ್ನ ಪಕ್ಕದ ಕುರ್ಚಿಯಲ್ಲಿದ್ದ ಹಿರಿಯರ ಹಿಯರಿಂಗ್ ಏಡ್‌ನದು. ವಿಮಾನದ ಇಂಜಿನ್ನಿಗೆ ಎರಡೂ ಕಿವಿ ಕೊಟ್ಟು ಬಂದ ಮನುಷ್ಯನನ್ನು ನಮ್ಮ ಊರಿನ ಸಂಘಟಕರು ಬಹಳ ಯೋಚನೆ ಮಾಡಿ ಲೌಡ್‌ಸ್ಪೀಕರಿನ ಕೆಳಗೇ ಕೂರಿಸಿದ್ದರು. ಅದು ಗೌರವದ ಜಾಗವಂತೆ.

ಏರ್ ಶೋ ಎಂದು ವಿಜಯಪುರದ ಗಾಂಧಿ ಚೌಕದಿಂದ ನಮ್ಮ ಜೋರಾಪುರ ಪೇಟೆಯವರೆಗೆ ಬ್ಯಾನರ್ ಕಟ್ಟಿದ್ದರು. ಬ್ಯಾನರಿನಲ್ಲಿ ಐದು ಜೆಟ್ ವಿಮಾನಗಳು ಬಣ್ಣದ ಹೊಗೆ ಬಿಡುತ್ತ ಹಾರುತ್ತಿದ್ದವು. ಮೈದಾನದಲ್ಲಿ ಇದ್ದದ್ದು ಎರಡು ಪ್ಯಾರಾಮೋಟರ್, ಅಂದರೆ ಬೆನ್ನಿಗೆ ಫ್ಯಾನ್ ಕಟ್ಟಿಕೊಂಡು ದೊಡ್ಡ ಕೊಡೆಗೆ ಜೋತುಬೀಳುವ ಇಬ್ಬರು ಗಂಡಸರು. ಮತ್ತೆ ಒಂದಷ್ಟು ಡ್ರೋನ್, ಕಾಲೇಜಿನವರ ಥರ್ಮಾಕೋಲ್ ವಿಮಾನಗಳು. ಗಣ್ಯರು ಮಾತ್ರ ಬ್ಯಾನರಿನಲ್ಲಿ ಇದ್ದಷ್ಟೂ ಬಂದಿದ್ದರು, ನಾಟ್ ಒನ್ ಲೆಸ್. ಎರಡನೆಯ ಪ್ಯಾರಾಮೋಟರಿನವನು ಗಾಳಿಗೆ ಸಿಕ್ಕು ತಿಕೋಟಾ ರಸ್ತೆಯ ಕಡೆ ಹೋಗಿ ಯಾರದೋ ದ್ರಾಕ್ಷಿ ತೋಟದ ಮಗ್ಗುಲಿಗೆ ಇಳಿದನಂತೆ. ಅವನನ್ನು ಟಂಟಂ ಆಟೋದಲ್ಲಿ ಕೂರಿಸಿ ವಾಪಸ್ ತಂದರು. ಅದೂ ಕಾರ್ಯಕ್ರಮದ ಭಾಗವೆಂದು ಮೈಕಿನಲ್ಲಿ ಹೇಳಿದರು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ನಾನು ಅಲ್ಲಿ ಇದ್ದದ್ದು ನನ್ನ ತಂಗಿಯ ಮಗನಿಂದ. ಬ್ಯಾಂಕಿನಲ್ಲಿ ನೌಕರಿ, ಉಳಿದ ಹೊತ್ತಿನಲ್ಲಿ ಸಂಘ, ಸಮಿತಿ, ಸತ್ಕಾರ. ಪುಣೆಯಿಂದ ಎಪ್ಪತ್ತೊಂದರ ಯುದ್ಧದ ಬಾಂಬರ್ ಪೈಲಟ್ ಒಬ್ಬರನ್ನು ಹಿಡಿದು ತಂದಿದ್ದ. ಮೂಲ ಚೆನ್ನೈ ಕಡೆಯವರು, ಈಗ ಎಂಬತ್ತರ ಹತ್ತಿರ. ಹಿಂದಿ ಬರುತ್ತಿತ್ತು, ಆದರೆ ಚಹಾ ತರಿಸುವಷ್ಟು. ಭಾಷಣ ಇಂಗ್ಲಿಷಿನಲ್ಲೇ ಎಂದರಂತೆ. ಅದಕ್ಕೆ ಇವನು ನಮ್ಮ ಮನೆಗೆ ಬಂದ.

"ದೊಡ್ಡವ್ವಾ, ಆ ನಿನ್ನ ಕಾನ್ವೆಂಟ್ ಇಂಗ್ಲಿಷ್ ಮನ್ಯಾಗ ಇಟ್ಕೊಂಡು ಏನ್ ಉಪ್ಪಿನಕಾಯಿ ಹಾಕ್ತಿ? ಅವರು ಹೇಳಿದ್ದು ಕನ್ನಡದಾಗ ಹೇಳು, ಮುಗೀತು" ಎಂದ.

ಬೆಳಗಾವಿಯ ಬೋರ್ಡಿಂಗಿನಲ್ಲಿ ಟ್ರಾನ್ಸ್‌ಲೇಶನ್‌ಗೆ ನನಗೆ ಯಾವಾಗಲೂ ಫಸ್ಟ್. ಒಂದು ಕಾಮಾ ತಪ್ಪಿದರೂ ನಮ್ಮ ಸಿಸ್ಟರ್ ಸ್ಕೇಲಿನಿಂದ ಬೆರಳ ಗಿಣ್ಣಿಗೆ ಹೊಡೆಯುತ್ತಿದ್ದರು. ಆಮೇಲೆ ಮದುವೆ, ಮನೆ, ಐವತ್ತು ವರ್ಷ. ಆ ಇಂಗ್ಲಿಷನ್ನು ಕೇಳಿದವರೆಂದರೆ ಗ್ಯಾಸ್ ಸಿಲಿಂಡರಿನ ಮೇಲಿನ ಸೂಚನೆ ಓದಿಸಿಕೊಳ್ಳುವ ನೆರೆಯವರು. ಒಲ್ಲೆ ಎನ್ನಲು ಮನಸ್ಸಾಗಲಿಲ್ಲ. ಇಸ್ತ್ರಿ ಮಾಡಿಸಿದ ಇಳಕಲ್ ಸೀರೆ ಉಟ್ಟು ಹೋದೆ.

ಮೊದಲು ಸತ್ಕಾರ. ಶಾಲು, ಪೇಟ, ಹಾರ, ಒಣದ್ರಾಕ್ಷಿಯ ಡಬ್ಬಿ. ಬಾಂಬರ್ ಹಾರಿಸಿದವರಿಗೆ ಒಂದು ಶಾಲು, ಟೆಂಟ್ ಹಾಕಿಸಿದವರಿಗೂ ಒಂದು ಶಾಲು, ನಾವು ಸಮಾನತೆಯ ಜನ. ಪೇಟ ಅಳತೆಗೆ ದೊಡ್ಡದಾಗಿ ಹಿರಿಯರ ಹುಬ್ಬಿನ ಮೇಲೆ ಬಂದು ಕೂತಿತು. ಅದನ್ನು ಹಾಗೇ ಬಿಟ್ಟು ಅವರು ಮೈಕ್ ಹಿಡಿದರು. ಶಿಳ್ಳೆ ಹೊಡೆಯಿತು. ಮುಂದಿನ ಸಾಲಿನ ಮಕ್ಕಳು ನಕ್ಕರು.

ಅವರು ಸಣ್ಣ ಸಣ್ಣ ವಾಕ್ಯಗಳಲ್ಲಿ ಮಾತಾಡಿದರು, ನನಗೆ ಅನುಕೂಲವಾಗಲೆಂದು. ಒಂದು ರಾತ್ರಿ ಶತ್ರುವಿನ ಏರ್‌ಫೀಲ್ಡಿನ ಮೇಲೆ ಬಾಂಬ್ ಹಾಕಲು ಹೋದದ್ದು. ಕೆಳಗೆ ಎಲ್ಲ ದೀಪ ಆರಿಸಿದ್ದರು. ನಾನು ಅಲ್ಲಿಯತನಕ ಚೆನ್ನಾಗಿಯೇ ಹೇಳಿದೆ, ಕಾಮಾ ಸಮೇತ. ಆಮೇಲೆ ಅವರು ಹೇಳಿದರು: ನಮಗೆ ಆ ಏರ್‌ಫೀಲ್ಡ್ ಸಿಗಲೇ ಇಲ್ಲ. ಇಂಧನ ಮುಗಿಯುತ್ತ ಬಂದಿತ್ತು. ಬಾಂಬು ಹೊತ್ತುಕೊಂಡು ವಾಪಸ್ ಇಳಿಯುವ ಹಾಗಿರಲಿಲ್ಲ. ಕತ್ತಲಾಗಿ ಕಂಡ ಒಂದು ನೆಲದ ಮೇಲೆ ಅಷ್ಟನ್ನೂ ಬಿಟ್ಟು ಬಂದೆವು. ಹೊಲ ಇರಬೇಕು. ಅಲ್ಲಿ ಯಾರಾದರೂ ಇದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ನಾನು ಯಾವ ಸಭೆಯಲ್ಲೂ ಹೇಳಿಲ್ಲ. ನೀವು ಹೊಲ ಇರುವ ಜನ, ನಿಮ್ಮ ಮುಂದೆ ಹೇಳಬೇಕೆನ್ನಿಸಿತು.

ಹೇಳಿ ನನ್ನ ಕಡೆ ತಿರುಗಿದರು. ಸಾವಿರ ಮುಖ ನನ್ನನ್ನು ನೋಡುತ್ತಿದ್ದವು. ಮಕ್ಕಳ ಕೈಯಲ್ಲಿ ಕಾಗದದ ಬಾವುಟ. ಮುಖ್ಯ ಅತಿಥಿಗಳು ವಾಚು ನೋಡುತ್ತಿದ್ದರು. ತಂಗಿಯ ಮಗ ವೇದಿಕೆಯ ಕೆಳಗಿಂದ ಎರಡೂ ಕೈ ಎತ್ತಿ ಜೋರು, ಜೋರು ಎಂದು ಸನ್ನೆ ಮಾಡುತ್ತಿದ್ದ.

ಕತ್ತಲಲ್ಲೂ ಗುರಿ ಹುಡುಕಿದರು, ಬಾಂಬು ಸರಿಯಾಗಿ ಗುರಿಗೇ ಬಿತ್ತು, ಎಲ್ಲರೂ ಸುರಕ್ಷಿತವಾಗಿ ಮರಳಿದರು ಎಂದು ನಾನು ಹೇಳಿದೆ.

ಚಪ್ಪಾಳೆ ನಿಲ್ಲಲೇ ಇಲ್ಲ. ನಿಜ ಹೇಳಬೇಕೆಂದರೆ ನನಗೂ ಹಿತವೆನ್ನಿಸಿತು. ಐವತ್ತು ವರ್ಷದಲ್ಲಿ ನನ್ನ ಮಾತಿಗೆ ಯಾರೂ ಹಾಗೆ ಚಪ್ಪಾಳೆ ತಟ್ಟಿರಲಿಲ್ಲ.

ಹಿರಿಯರು ಮಾತ್ರ ಮೈಕ್ ಹಿಡಿದುಕೊಂಡು ಹಾಗೇ ನಿಂತಿದ್ದರು. ಕುರ್ಚಿಗೆ ಬಂದ ಮೇಲೆ ಕರ್ಚೀಫಿನಿಂದ ಕಣ್ಣು ಒರೆಸಿಕೊಂಡರು. ನನ್ನ ಕಡೆ ಬಾಗಿ, "ದೇ ವರ್ ವೆರಿ ಕೈಂಡ್" ಎಂದರು.

ಆಗ ನನಗೆ ತಿಳಿಯಿತು. ಅವರು ಆ ಚಪ್ಪಾಳೆಯನ್ನು ಕ್ಷಮೆ ಎಂದು ತಿಳಿದಿದ್ದರು. ಐವತ್ತು ವರ್ಷ ಹೊತ್ತು ತಂದದ್ದನ್ನು ವಿಜಯಪುರದ ಜನ ಕೇಳಿಸಿಕೊಂಡು, ಇರಲಿ ಬಿಡಿ ಸಾಹೇಬರೇ ಎಂದರೆಂದು. ನಾನು ನಕ್ಕೆ. ಎಸ್, ವೆರಿ ಕೈಂಡ್ ಎಂದೆ.

ಮರುದಿನ ಬಬಲೇಶ್ವರದ ಒಂದು ಶಾಲೆಯಲ್ಲಿ ಮತ್ತೊಂದು ಸತ್ಕಾರವಿತ್ತು. ತಂಗಿಯ ಮಗನಿಗೆ ಬ್ಯಾಂಕು. ಕಾರಿನಲ್ಲಿ ನಾನು, ಹಿರಿಯರು, ಡ್ರೈವರ್ ಮಾತ್ರ. ಹಿರಿಯರು ಬಹಳ ಗೆಲುವಾಗಿದ್ದರು. ರಾತ್ರಿ ಚೆನ್ನಾಗಿ ನಿದ್ದೆ ಬಂತು ಎಂದರು. ನನಗೆ ಬಂದಿರಲಿಲ್ಲ, ಹೇಳಲಿಲ್ಲ. ಸಾರವಾಡದ ಹತ್ತಿರ ರಸ್ತೆಯ ಎರಡೂ ಬದಿಗೆ ಜೋಳ ಆಳೆತ್ತರ ನಿಂತಿತ್ತು. ಅವರು ಕಾರು ನಿಲ್ಲಿಸಲು ಹೇಳಿದರು. ಒಂದು ಹೊಲದ ಹತ್ತಿರ ಹೋಗಬೇಕು, ಹೊಲದವರ ಹತ್ತಿರ ಮಾತಾಡಬೇಕು ಎಂದರು.

ಬದುವಿನ ಮೇಲೆ ಒಬ್ಬಾಕೆ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದಳು. ಐವತ್ತೈದರ ಹೆಂಗಸು. ನಮ್ಮನ್ನು ನೋಡಿ ಕುಡುಗೋಲು ಕೆಳಗಿಟ್ಟು, ಬರ್ರಿ ಬರ್ರಿ ಎಂದು ಗಿಡದ ನೆರಳಿಗೆ ಕರೆದಳು. ಹಿರಿಯರು ನಿನ್ನೆಯ ಮಾತನ್ನೇ ಮತ್ತೆ ಹೇಳಿದರು. ನಿನ್ನೆ ಅಷ್ಟು ಜನರ ಮುಂದೆ ಹೇಳಿ ಹಗುರಾದೆ, ಇವತ್ತು ಆ ಕ್ಷಮೆಯನ್ನು ಒಬ್ಬರ ಬಾಯಿಂದಲೇ ಕೇಳಬೇಕೆನ್ನಿಸಿದೆ, ಈಕೆಯನ್ನು ಕೇಳಿ ಎಂದರು.

ಇಲ್ಲಿ ಮೈಕ್ ಇರಲಿಲ್ಲ, ಬಾವುಟ ಇರಲಿಲ್ಲ, ಗಣ್ಯರೂ ಇರಲಿಲ್ಲ. ಎಮ್ಮೆಯ ಮುಂದೆ ಸುಳ್ಳು ಹೇಳಿ ಪ್ರಯೋಜನವೇನು? ಇದ್ದದ್ದು ಇದ್ದಂತೆ ಕನ್ನಡದಲ್ಲಿ ಹೇಳಿದೆ. ನಿನ್ನೆಯದು ಯಾರಿಗೂ ತಿಳಿಯದೆ ಇವತ್ತು ಸರಿಹೋಗುತ್ತದೆ ಎಂಬ ಜಾಣತನವೂ ಇತ್ತು ನನಗೆ.

ಆಕೆ ಪೂರ್ತಿ ಕೇಳಿದಳು. ಆಮೇಲೆ ಅವರನ್ನಲ್ಲ, ನನ್ನನ್ನು ನೋಡಿದಳು.

"ನಿನ್ನಿ ಮೈಕಿನ್ಯಾಗ ಬ್ಯಾರೇನ ಹೇಳಿದ್ರಲ್ರಿ ಅಕ್ಕಾರ. ಗುರಿಗೇ ಬಿತ್ತು ಅಂದ್ರಿ. ಮೊಮ್ಮಗಳ ಸಾಲಿಯವರ ಕೂಡ ನಾನೂ ಬಂದಿದ್ನಿ. ನಾನೂ ಚಪ್ಪಾಳಿ ಹೊಡದೇನಿ."

ಹಿರಿಯರು ಎಡಗಿವಿ ನನ್ನ ಕಡೆ ತಂದು, ವಾಟ್ ಡಸ್ ಶೀ ಸೇ ಎಂದು ಕೇಳಿದರು. ಮಳೆ ಬೆಳೆ ಚೆನ್ನಾಗಿದೆ ಅನ್ನುತ್ತಾಳೆ ಎಂದರೆ ಮುಗಿಯುತ್ತಿತ್ತು. ಅವರಿಗೆ ಕನ್ನಡ ಬಾರದು, ಆಕೆಗೆ ಇಂಗ್ಲಿಷ್ ಬಾರದು. ಇಂಥ ಅನುಕೂಲ ಜನ್ಮದಲ್ಲಿ ಎಷ್ಟು ಸಲ ಸಿಗುತ್ತದೆ? ಆದರೆ ಆಕೆ ಕಣ್ಣು ತೆಗೆಯದೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಹೇಳಿದೆ. ನೀವು ಗುರಿಗೆ ಹೊಡೆದಿರೆಂದು ನಿನ್ನೆ ನಾನು ಜನಕ್ಕೆ ಹೇಳಿದ್ದೆ ಎಂದೆ. ಅವರಿಗೆ ಮೊದಲ ಸಲ ಕೇಳಿಸಲಿಲ್ಲ. ಇನ್ನೊಮ್ಮೆ, ಜೋರಾಗಿ ಹೇಳಬೇಕಾಯಿತು.

"ಸೋ ದ ಕ್ಲ್ಯಾಪಿಂಗ್..." ಎಂದರು.

"ಅದಕ್ಕೇ" ಎಂದೆ, ಕನ್ನಡದಲ್ಲೇ. ಅರ್ಥವಾಯಿತು.

ಅವರು ಬೈಯಲಿಲ್ಲ. ಬೈದಿದ್ದರೆ ಸಾರಿ ಎಂದು ಹೇಳಲು ಬರುತ್ತಿತ್ತು. ಕಾನ್ವೆಂಟಿನಲ್ಲಿ ಅದನ್ನೇ ಮೊದಲು ಕಲಿಸುತ್ತಾರೆ. ಈಗ ಈಕೆ ಏನು ಹೇಳುತ್ತಾಳೆ ಕೇಳಿ ಎಂದರು, ಪ್ರತಿ ಮಾತೂ ಬೇಕು ಎಂದರು.

"ರಾತ್ರಿ ಹೊಲ ಕಾಯಾಕ ನಮ್ಮ ಮನಿಯವ್ರು ಇಲ್ಲೇ ಮಕ್ಕೋತಾರ್ರಿ," ಎಂದಳು ಆಕೆ. "ಅಲ್ಲೂ ಯಾರರ ಮಕ್ಕೊಂಡಿರ್ತಾರಲ್ರಿ. ಲಡಾಯಿ ಮುಗದ ಮ್ಯಾಲರ ಹೋಗಿ ನೋಡಿ ಬರಬೇಕಿತ್ರಿ ಇವರು."

ಅಷ್ಟನ್ನೂ ಹೇಳಿದೆ, ಒಂದು ಮಾತು ಬಿಡದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಹಿರಿಯರು ತಲೆಯಾಡಿಸಿದರು. ಮಲಗುವ ಜಾಗ ಎಲ್ಲಿ ಎಂದು ಆಕೆಗೇ ಕೈಸನ್ನೆಯಿಂದ ಕೇಳಿದರು. ಆಕೆ ಜೋಳದ ಆಚೆ ಬೆರಳು ಮಾಡಿ ಮುಂದೆ ನಡೆದಳು. ನಾನೂ ಎದ್ದೆ. ಅವರು ಮೆಲ್ಲಗೆ ಕೈ ಅಡ್ಡ ಹಿಡಿದು, "ನೋ, ಪ್ಲೀಸ್. ವಿ ವಿಲ್ ಮ್ಯಾನೇಜ್" ಎಂದರು. ಬಹಳ ಮರ್ಯಾದೆಯಿಂದ ಹೇಳಿದರು, ಅದೇ ಕಷ್ಟ.

ಬಬಲೇಶ್ವರದಲ್ಲಿ ನನ್ನ ಕೆಲಸವಿಲ್ಲ ಎಂಬುದನ್ನು ಇನ್ನೊಮ್ಮೆ ಅನುವಾದ ಮಾಡಿಕೊಳ್ಳಬೇಕಾಗಿರಲಿಲ್ಲ. ಡ್ರೈವರ್‌ಗೆ ಹೇಳಿ ವಿಜಯಪುರದ ಬಸ್ಸಿಗೆ ಕೈ ಮಾಡಿದೆ. ಶಾಲೆಯಲ್ಲಿ ಅಲ್ಲಿನ ಇಂಗ್ಲಿಷ್ ಮೇಷ್ಟ್ರು ಇದ್ದದ್ದನ್ನೇ ಕನ್ನಡದಲ್ಲಿ ಹೇಳಿದರಂತೆ. ಮಕ್ಕಳು ಪಿಟ್ಟೆನ್ನದೆ ಕೂತಿದ್ದರಂತೆ. ತಂಗಿಯ ಮಗ ಆಮೇಲೆ ಬಂದು, "ಫಂಕ್ಷನ್ ಪೂರಾ ಫ್ಲಾಪ್ ಆತು ದೊಡ್ಡವ್ವಾ, ನೀ ಇರಬೇಕಿತ್ತು" ಎಂದು ಪೇಚಾಡಿಕೊಂಡ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಆ ಬಸ್ಸಿನ ಕಿಟಕಿಯಿಂದ. ಬದುವಿನ ಸಂದಿಯಲ್ಲಿ, ಜೋಳದ ಆಚೆ, ಒಂದು ಗೋಣಿತಟ್ಟಿನ ಗುಡಿಸಲಿನ ಮುಂದೆ, ಆಕೆ ನೆಲದ ಕಡೆ ಕೈ ಮಾಡಿ ಏನೋ ತೋರಿಸುತ್ತಿದ್ದಳು. ಅವರು ಒಂದು ಕೈಯಿಂದ ಗುಡಿಸಲಿನ ಗಳ ಹಿಡಿದು, ಮಂಡಿ ಬಗ್ಗಿಸಲು ಕಷ್ಟಪಡುತ್ತ, ಬಗ್ಗಿ ಒಳಗೆ ನೋಡುತ್ತಿದ್ದರು.