ಆರ್ವಿನ್ ಮಾವನ ತೋಟೆ, ಅಪ್ಪನ ಕೋವಿ

ಲೇ ಇಂಗಾ, ಫೋನಲ್ಲಿ ಕೇಳಿಸ್ತಿದೆಯಾ? ಗಾಳಿ ಜಾಸ್ತಿ, ಸಹಿಸ್ಕೋ. ಆರ್ವಿನ್ ಮಾವನ ವಿಷಯ ಹೇಳ್ಬೇಕು, ಹೇಳ್ದಿದ್ರೆ ನಂಗೆ ಊಟ ಸೇರಲ್ಲ.

ಮಾವ ಅಂದ್ರೆ ನಮ್ಮ ಬೆರಿತ್ ಅತ್ತೆ ಗಂಡ. ಮನೆ ಅಳಿಯ, ಮೊದ್ಲು ಪಟ್ಟಣದ ರೈಲ್ವೇಲಿ ಕೆಲಸಕ್ಕಿದ್ರು. ಎಷ್ಟೋ ವರ್ಷ ಆಯ್ತು ನಮ್ಮ ಅಜ್ಜನ ಮನೆಗೆ ಬಂದು, ಇವತ್ತಿಗೂ ಫ್ರಿಜ್ ತೆಗೆಯೋಕೆ ಮುಂಚೆ ಅತ್ತೆ ಮುಖ ನೋಡ್ತಾರೆ. ಈ ನಾರ್ತ್ ಡಕೋಟದಲ್ಲಿ ಕಾಡುಬಾತು ಹೊಡಿಯಕ್ಕೆ ಬರ್ದಿರೋ ಗಂಡಸನ್ನ ಜನ ಬಿಡ್ತಾರಾ? ನಮ್ಮಪ್ಪನಂತೂ ಬಿಡ್ಲೇ ಇಲ್ಲ. "ಏನ್ ಭಾವ, ನಿಮ್ಮ ರೈಲ್ವೆ ಸ್ಟೇಷನ್ನಲ್ಲಿ ಪಾರಿವಾಳನಾದ್ರೂ ಹೊಡ್ದಿದೀರಾ?" ದಿನಾ ಇದೇ.

ಅದಕ್ಕೇ ಮಾವ ನೆಲಮಾಳಿಗೆಗೆ ಇಳಿದ್ರು. ಹೊಡೆದು ಖಾಲಿಯಾದ ಕೋವಿ ತೋಟೆಗೆ ಮತ್ತೆ ಮದ್ದುಗುಂಡು ತುಂಬೋ ಯಂತ್ರ, ಯಾರೋ ಬಿಸಾಕಿದ್ದು, ತಂದು ಬೆಂಚಿಗೆ ಬಿಗಿದ್ರು. ಕಿಡಿ ಹೊತ್ತಿಸೋ ಹಳೇ ಕೇಪು ತೆಗಿ, ಹೊಸಾದು ಕೂರ್ಸು, ಮದ್ದು ಹಾಕು, ಪ್ಲಾಸ್ಟಿಕ್ ಬಟ್ಟಲು ಒತ್ತು, ಕಾಳುಗುಂಡು ಸುರಿ, ಬಾಯಿ ಮಡಚು. ಹೇಳೋಕೆ ಸುಲಭ. ಮೊದಮೊದಲು ಬಾಯಿ ಬಿಚ್ಕೊಂಡು ಗುಂಡೆಲ್ಲ ಜೇಬಲ್ಲಿ. ಅತ್ತೆ ಬಟ್ಟೆ ಮಷೀನ್‌ಗೆ ಹಾಕಿದ್ರೆ ಕಟಕಟಕಟ ಅಂತ ಜಾತ್ರೆ. ಒಂದು ತೋಟೆ ಅಂತೂ ಪುಸ್ ಅಂತು, ಗುಂಡು ಮಾವನ ಬೂಟಿನ ಮುಂದೇನೇ ಉದುರ್ತು. ಅಪ್ಪ ಅದನ್ನ ಕ್ರಿಸ್‌ಮಸ್ ಊಟದಲ್ಲಿ ನಟಿಸಿ ತೋರ್ಸಿದ್ರು.

ಆದ್ರೆ ಮಾವ ಹಠ ಬಿಡ್ಲಿಲ್ಲ. ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟೇ ತೂಗಿ, ಕೂದಲೆಳೆ ಹೆಚ್ಚುಕಮ್ಮಿ ಇಲ್ದೆ ತುಂಬೋದು ಕಲಿತ್ರು. ಕಲ್ತಿದ್ದೇ ತಪ್ಪಾಯ್ತು ಕಣೇ! ಸೀಸನ್ ಬಂತು ಅಂದ್ರೆ ಅಪ್ಪ, ನೆಲ್ಸ್ ಚಿಕ್ಕಪ್ಪ, ಚರ್ಚಿನೋರು, ಎಲ್ರೂ "ಭಾವ, ಒಂದೆರಡು ಡಬ್ಬಿ". ಮನುಷ್ಯ ನೆಲಮಾಳಿಗೆ ಬಿಟ್ಟು ಮೇಲೇ ಬರಲ್ಲ. ಮೇಲೆ ಬಾತುಗಳು ಕೂಗ್ಕೊಂಡು ಹೋಗ್ತವೆ, ಮಾವ ಆ ಗೇಣಗಲದ ಕಿಟಕಿಯಿಂದ ಸದ್ದು ಕೇಳ್ತಾರೆ. ಕೆರೆ ಜೊಂಡಿನ ಮಧ್ಯೆ ಬಾತುಗಳಿಗೆ ಕಾಣ್ದಂಗೆ ಕೂರೋಕೆ ನಮ್ಮಜ್ಜ ಕಟ್ಟಿದ ಮರೆಯಲ್ಲಿ ಇರೋದೇ ಎರಡು ಸೀಟು. ಅಪ್ಪಂದೊಂದು, ಚಿಕ್ಕಪ್ಪಂದೊಂದು. "ನಿಮ್ಮನ್ನ ಎಲ್ಲಿ ಕೂರ್ಸೋದು ಭಾವ, ನಾಯಿ ಜಾಗದಲ್ಲಾ?"

ಈ ವರ್ಷ ಚಿಕ್ಕಪ್ಪನ ಮಂಡಿ ಆಪರೇಷನ್. ಸೀಟು ಖಾಲಿ. ಅಪ್ಪನೇ ಬಾಯ್ಬಿಟ್ಟು ಅಂದ್ರು, "ಮೊದಲನೇ ದಿನ ನೀವೇ ಬನ್ನಿ. ಎಲ್ರ ಡಬ್ಬಿ ಮುಗ್ಸಿಡಿ, ಅಷ್ಟೇ." ಮಾವ ಕೋವಿಗೆ ಎಣ್ಣೆ ಹಚ್ಚಿದ್ದೇ ಹಚ್ಚಿದ್ದು. ನಂಗೇ ಅಳು ಬರಂಗಾಯ್ತು.

ಹಿಂದಿನ ದಿನ ಮಧ್ಯಾಹ್ನಕ್ಕೆ ಎಲ್ಲ ಮುಗೀತು. ಮಾವ ಬೆಂಚ್ ಮೇಲೆ ಬಿದ್ದಿದ್ದ ಗುಂಡುಗಳನ್ನ ಮ್ಯಾಗ್ನೆಟ್‌ನಲ್ಲಿ ಎತ್ಕೊಳ್ತಿದ್ರು. ಕೆಲವು ಮೇಲೆ ಹಾರಿದ್ವು. ಕೆಲವು ಅಲ್ಲೇ ಕೂತ್ವು. ಮಾವ ಒಂದನ್ನ ಹಲ್ಲಲ್ಲಿ ಕಚ್ಚಿದ್ರು. ಚಪ್ಪಟೆ ಆಯ್ತು.

"ಹಾಲ್ವರ್, ಮೂಲೆಲಿದ್ದ ಕಾಫಿ ಡಬ್ಬ ಎಲ್ಲಿ?"

ಅಪ್ಪ ಮೆಟ್ಟಿಲ ಮೇಲಿಂದ, "ಅದ್ರಲ್ಲಿ ಸ್ವಲ್ಪನೇ ಗುಂಡಿತ್ತಲ್ಲ, ಹೋದ ವಾರ ದೊಡ್ಡ ಗುಂಡಿನ ಡಬ್ಬಕ್ಕೆ ಸುರಿದೆ. ನೋಡಿ, ಎಷ್ಟು ಜಾಗ ಆಗಿದೆ!"

ಅದು ಹಳೇ ಸೀಸದ ಗುಂಡು ಕಣೇ, ಮ್ಯಾಗ್ನೆಟ್‌ಗೆ ಅಂಟಲ್ಲ. ಬಾತುಗಳು ಮುಕ್ಕಿ ವಿಷ ಏರ್ಸ್ಕೊಳ್ತವೆ ಅಂತ ಕೆರೆ ಮೇಲೆ ಸೀಸ ಹಾರ್ಸಂಗಿಲ್ಲ, ಉಕ್ಕಿನ ಗುಂಡೇ ಬೇಕು. ಅದೂ ಅಲ್ದೆ ಉಕ್ಕಿಗೊಂದು ಮದ್ದು, ಸೀಸಕ್ಕೊಂದು. ಬೆರೆಸಿದ್ರೆ ಕೋವಿ ಒಳಗೇನಾಗುತ್ತೋ ಯಾರಿಗ್ಗೊತ್ತು.

"ನಾಲ್ಕು ಕಾಳು ಭಾವ! ಬೇಟೆ ಕಾಯೋ ವಾರ್ಡನ್ ಏನು ಬಾತಿನ ಹೊಟ್ಟೆ ಬಗೀತಾನಾ?"

"ನನ್ನ ಕೈಯಿಂದ ಹೋಗಲ್ಲ," ಅಂದ್ರು ಮಾವ. ಜೀವಮಾನದಲ್ಲಿ ಅವ್ರು ಅಪ್ಪಂಗೆ ಇಲ್ಲ ಅಂದಿದ್ದು ಅದೊಂದೇ. ಚಾಕು ತಗೊಂಡು ಅಷ್ಟೂ ತೋಟೆ ಸೀಳಿದ್ರು. ಅಂಗಡೀಗೆ ಫೋನ್ ಮಾಡಿದ್ರೆ ನಮ್ಮ ಅಳತೆ ತೋಟೆ ಖಾಲಿ. ನಾನೂ ಕೂತೆ, ತಟ್ಟೇಲಿ ಹರವಿ ಮ್ಯಾಗ್ನೆಟ್ ಹಿಡಿದು ಒಂದೊಂದೇ ಆರಿಸೋದು. ಉಳಿದಿದ್ದ ಖಾಲಿ ಚಿಪ್ಪುಗಳಿಗೆ ತುಂಬಿ, ಊಟದ ಹೊತ್ತಿಗೆ ಒಂದೇ ಒಂದು ಡಬ್ಬಿ ಆಯ್ತು.

"ಮಾವ, ಇದು ನಿಮ್ದು. ಬಚ್ಚಿಡಿ," ಅಂದೆ.

ಅಷ್ಟರಲ್ಲಿ ಅಪ್ಪ ಬಂದು ಕೈ ಚಾಚಿದ್ರು. ಬೈಲಿಲ್ಲ, ಕಿತ್ಕೊಳ್ಳಲಿಲ್ಲ, ಪ್ರತಿ ವರ್ಷ ಚಾಚೋ ಹಂಗೇ ಚಾಚಿದ್ರು ಅಷ್ಟೇ. ಮಾವ ಕೈಯಲ್ಲಿಟ್ಟುಬಿಟ್ರು! "ಒಂದು ಡಬ್ಬಿ ಇಬ್ರಿಗೆ ಸಾಲಲ್ಲ ಭಾವ. ನೀವು ಬನ್ನಿ, ಈ ಸಲ ನೋಡಿ ಕಲೀರಿ," ಅಂದ್ರು ಅಪ್ಪ. ನಾನು ಕೂಗಾಡಿದೆ. "ಸುಮ್ನಿರು ಪುಟ್ಟಿ, ಸೀಟಂತೂ ಸಿಕ್ತಲ್ಲ," ಅಂದ್ರು ಮಾವ.

ಇವತ್ತು ವಾಪಸ್ ಬಂದ್ರು. ಒಳ್ಳೇ ಬೇಟೆ. ಅತ್ತೆ ಕೇಳಿದ್ರು, "ನೀವೆಷ್ಟು ಹೊಡೆದ್ರಿ?"

ಅಪ್ಪ ನಕ್ಕು, "ಅವ್ರು ಯಾಕೆ ಹೊಡೀಬೇಕು ಬೆರಿತ್? ಅವ್ರ ತೋಟೆ ಹೊಡೀತಲ್ಲ!"

ಎಲ್ರೂ ನಕ್ರು. ಮಾವನೂ ನಕ್ರು. ನಗ್ತಾನೇ ಜೇಬಿಂದ ಅಪ್ಪ ಹೊಡೆದ ಖಾಲಿ ಚಿಪ್ಪುಗಳನ್ನ ತೆಗ್ದು, ಒದ್ದೆ ಒರ್ಸಿ, ಒಂದೊಂದಾಗಿ ಮೇಜಿನ ಮೇಲೆ ನಿಲ್ಲಿಸ್ತಾ ಇದ್ರು. ಬಾಯಿ ಸೀಳದೆ ಮತ್ತೆ ತುಂಬೋಕೆ ಬರೋವನ್ನ ಎತ್ಕೊಂಡು ಮೆಟ್ಟಿಲಿಳಿದು ಹೋದ್ರು. ಈಗ್ಲೂ ಕೆಳಗೇ ಇದಾರೆ.